ಐದು ನಿಮಿಷ, ಹಗ್ಗ ಚೆಕ್

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6:40

ಹತ್ತಿ ಕೂತೆ. ಅರವತ್ತು ಮೀಟರ್ ಏಣಿ, ನಡುವೆ ಮೂರು ಕಡೆ ನಿಂತು ಉಸಿರು. ಕ್ಯಾಬಿನ್ ಗಾಜು ಒರೆಸಿದೆ. ಕ್ರೇನ್ ಓಡಿಸಲು ಶುರುಮಾಡಿ ಹನ್ನೊಂದು ವರ್ಷ. ಆದರೂ ಸೂರ್ಯ ಬರುವ ಹೊತ್ತಿಗೆ ಇಂದಿಗೂ ಬಾಯಿ ಬಿಟ್ಟುಕೊಂಡೇ ಕೂರುತ್ತೇನೆ. ಇಡೀ ಊರಿನ ಕಿಟಕಿಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಕೆಳಗಿರುವವರಿಗೆ ಇದು ಗೊತ್ತೇ ಇಲ್ಲ, ಪಾಪ.

ಚೀಲದಲ್ಲಿ ನೀರು, ಊಟದ ಡಬ್ಬಿ, ಬಿಸ್ಕತ್ತು, ಹಳೆಯ ಕನ್ನಡಕದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಕನ್ನಡಕವಿಲ್ಲ, ಇನ್ಸುಲಿನ್ ಪೆನ್ನು. ಇನ್ಸುಲಿನ್ ಚುಚ್ಚಿಕೊಳ್ಳುವವರು ಕ್ರೇನ್ ಹತ್ತುವಂತಿಲ್ಲ — ಕಂಪನಿ ರೂಲು. ವರ್ಷಕ್ಕೊಮ್ಮೆ ಮೆಡಿಕಲ್. ರಕ್ತ ಯಾರೂ ತೆಗೆಯುವುದಿಲ್ಲ. ಬಿಪಿ, ಕಣ್ಣು, ಒಂದು ಫಾರಂ. 'ಸಕ್ಕರೆ ಕಾಯಿಲೆ ಇದೆಯೇ?' ಎರಡು ಸಲ 'ಇಲ್ಲ' ಅಂತ ಗುರುತು ಹಾಕಿದ್ದೇನೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ನಾನು. ಆದರೆ ನೆಲಕ್ಕಿಳಿದರೆ ಸಂಬಳದ ಮೂರನೇ ಒಂದು ಪಾಲು ಹೋಗುತ್ತದೆ. ಮಗಳ ನರ್ಸಿಂಗ್ ಇನ್ನೂ ಒಂದು ವರ್ಷ ಇದೆ.

ಮಾರ್ಚ್ 5. 10:35

ಮತ್ತೆ ಕೊಕ್ಕರೆ. ಕೆಳಗೆ ನಿಂತು ನನಗೆ ಸಿಗ್ನಲ್ ಕೊಡುವವನು. ಉದ್ದ ಕಾಲು, ನಿಲ್ಲುವುದು ಒಂದೇ ಕಾಲಿನ ಮೇಲೆ — ಅದಕ್ಕೇ ಆ ಹೆಸರು. ಮೇಲೆ ಕೊಕ್ಕೆ, ಕೆಳಗೆ ಕೊಕ್ಕರೆ ಅಂತ ಎಲ್ಲರಿಗೂ ತಮಾಷೆ. ವಾಕಿಟಾಕಿಯಲ್ಲಿ ಅದೇ ದನಿ, ಅದೇ ಮಾತು.

"ಅಣ್ಣಾ, ಐದು ನಿಮಿಷ. ಹಗ್ಗ ಚೆಕ್ ಮಾಡ್ಬೇಕು."

ದಿನಾ ಹತ್ತೂವರೆಗೆ, ದಿನಾ ಮೂರೂವರೆಗೆ. ಉಕ್ಕಿನ ಹಗ್ಗ, ಹೋದ ವಾರ ಬಂದ ಹೊಸದು. ಇಲಿ ಕಡಿಯುತ್ತದೆಯೇ ಅದನ್ನು? ಅವನು ಆಪರೇಟರ್ ಪರೀಕ್ಷೆ ಪಾಸಾಗಿ ಎರಡು ವರ್ಷವಾಯಿತು. ಸೈಟಿನಲ್ಲಿರುವುದು ಒಂದು ಕ್ರೇನ್, ಒಂದು ಕುರ್ಚಿ, ಅದರಲ್ಲಿ ನಾನು. ಹೊಟ್ಟೆಯುರಿ. ಕೆಲಸ ತಡ ಮಾಡಿಸಿ ನನ್ನ ಹೆಸರು ಕೆಡಿಸುವ ಹುನ್ನಾರ... ಹೇಗೂ ನಿಂತಿತಲ್ಲ ಅಂತ ನಾಲ್ಕು ಬಿಸ್ಕತ್ತು ತಿಂದೆ.

ಮಾರ್ಚ್ 12

ತುಟಿ ಜುಮ್ಮೆಂದಿತು. ಸ್ವಲ್ಪ ಬೆವರು. ಏನೂ ಆಗಲಿಲ್ಲ.

ಮಾರ್ಚ್ 19. ಮಧ್ಯಾಹ್ನ 2:00

ಅಕ್ಷರ ಸೊಟ್ಟ.

ಇವತ್ತು ಹತ್ತೂವರೆಗೆ ಹಗ್ಗ ಚೆಕ್ ಇರಲಿಲ್ಲ. ಕಬ್ಬಿಣದ ಲಾರಿ ಎರಡು ಕಾದಿದ್ದವು. ಮೇಸ್ತ್ರಿ ಕೊಕ್ಕರೆಯ ಪಕ್ಕದಲ್ಲೇ ನಿಂತು, ನಿಲ್ಲಿಸಿದರೆ ನೋಡು ಅಂದನಂತೆ. ನಾನೂ ಬಿಸ್ಕತ್ತು ಮರೆತೆ. ಹನ್ನೊಂದರ ಹೊತ್ತಿಗೆ ಎರಡು ಟನ್ ಕಟ್ಟು ಒಂಬತ್ತನೇ ಮಹಡಿಯ ಮೇಲೆ ತೂಗುತ್ತಿತ್ತು, ಕೆಳಗೆ ಆರು ಜನ. ಲಿವರ್ ಮೇಲೆ ಒಂದು ಕೈ ಕಂಡಿತು. ಯಾರದು ಈ ಕೈ ಅಂತ ಯೋಚಿಸುತ್ತಾ ಕೂತೆ. ವಾಕಿಟಾಕಿಯಲ್ಲಿ ಕೊಕ್ಕರೆಯ ದನಿ, ಮೆಲ್ಲಗೆ.

"ಅಣ್ಣಾ, ಕೈ ಬಿಡು. ಬಿಟ್ರೆ ಸಾಕು, ಅದು ತಾನೇ ನಿಲ್ಲುತ್ತೆ. ಬಿಸ್ಕತ್ ತಿನ್ನು."

ಯಾವತ್ತೂ 'ಬಿಡಿ' ಅನ್ನುವವನು. ಬಿಟ್ಟೆ. ನಿಂತಿತು. ಆಮೇಲೆ ಅವನ ದನಿ, ಜೋರಾಗಿ, ಎಲ್ಲರಿಗೂ — ಹಗ್ಗ ಚೆಕ್, ಹಿಂದೆ ಸರೀರಿ.

ಬಿಸ್ಕತ್ತು ಗಂಟಲಿಳಿದು ಹತ್ತು ನಿಮಿಷಕ್ಕೆ ಲೋಕ ಮರಳಿ ಬಂತು. ಮೊದಲು ಕೈ, ಆಮೇಲೆ ಆಕಾಶ. ಮನುಷ್ಯನೆಂಬ ಈ ದೊಡ್ಡ ಯಂತ್ರ ಒಂದು ಚಮಚ ಸಕ್ಕರೆಯ ಮೇಲೆ ನಿಂತಿದೆಯಲ್ಲ. ಬೆರಗಾಗಿ ಕೂತೆ. ಆಮೇಲೆ ಆ ಆರು ಜನರನ್ನು ಎಣಿಸಿದೆ, ಎರಡು ಸಲ. ಅತ್ತುಬಿಟ್ಟೆ.

ಮಾರ್ಚ್ 20. ಬೆಳಿಗ್ಗೆ 6:30

ಹತ್ತಲಿಲ್ಲ. ಹೊಟ್ಟೆನೋವು ಅಂದೆ. ಕೊಕ್ಕರೆಯನ್ನು ಸಿಮೆಂಟ್ ಶೆಡ್ಡಿನ ಹಿಂದೆ ಕರೆದು ಕೇಳಿದೆ — ಯಾವಾಗಿಂದ ಗೊತ್ತು?

"ಎರಡು ವರ್ಷದಿಂದ. ಹೊಟ್ಟೆ ಖಾಲಿಯಾದ್ರೆ ನಿಮ್ಮ ಕೊಕ್ಕೆ ಎಡಕ್ಕೆ ಎಳೆಯುತ್ತೆ ಅಣ್ಣಾ. ಬಿಸ್ಕತ್ ತಿಂದ್ಮೇಲೆ ನೆಟ್ಟಗೆ. ನಮ್ಮಮ್ಮಂಗೂ ಸಕ್ಕರೆ ಕಾಯಿಲೆ ಇತ್ತಲ್ಲ, ಚಹಾ ಲೋಟ ಹಿಂಗೇ ವಾಲೋದು."

ಅರವತ್ತು ಮೀಟರ್ ಕೆಳಗಿನಿಂದ ನನ್ನ ರಕ್ತ ಓದಿದ್ದಾನೆ. ಹಗ್ಗಕ್ಕೆ ಯಾವತ್ತೂ ಏನೂ ಆಗಿರಲಿಲ್ಲ. ದಿನಕ್ಕೆ ಎರಡು ಸಲ, ಎರಡು ವರ್ಷ... ನನಗೆ ತಿನ್ನಲು ಬಿಡುವು ಕೊಡುತ್ತಿದ್ದ. ನಾನು ಹೊಟ್ಟೆಯುರಿ ಅಂದಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ದೊಡ್ಡದೇನೋ ಆಯಿತು, ಅದಕ್ಕೆ ಹೆಸರು ಗೊತ್ತಿಲ್ಲ.

ಆಫೀಸಿಗೆ ಒಂದು ಮಾತು ಹೇಳಿದ್ದರೆ ಕುರ್ಚಿ ನಿನ್ನದಾಗುತ್ತಿತ್ತಲ್ಲ ಅಂದೆ. ಕಾಲು ಬದಲಿಸಿ ನಿಂತ.

"ಹಂಗೆ ಸಿಕ್ಕಿದ ಕುರ್ಚೀಲಿ ಕೂರೋಕಾಗುತ್ತಾ? ಆದ್ರೆ ನಿನ್ನೆ ಬಿದ್ದಿದ್ರೆ ತಪ್ಪು ನಂದೂ ಇರ್ತಿತ್ತು. ಇನ್ನು ನಾನು ಮುಚ್ಚಿಡಲ್ಲ ಅಣ್ಣಾ. ನೀವೇ ಹೇಳಿ."

ಏಪ್ರಿಲ್ 2

ಹದಿಮೂರು ದಿನ ರಜೆ ಮೇಲೆ ಮನೆಯಲ್ಲೇ. ಇವತ್ತು ಅಡುಗೆಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ. ಒಲೆ ಆರಿಸಿದಳು. ಹಾಸಿಗೆ ಇದ್ದಷ್ಟು ಕಾಲು ಚಾಚಿದರಾಯಿತು, ನಾನೂ ಪಕ್ಕದ ಕ್ಲಿನಿಕ್ಕಿನಲ್ಲಿ ಕೆಲಸ ಕೇಳುತ್ತೇನೆ ಅಂದಳು. ಆಮೇಲೆ ಕೇಳಿದ್ದು ಒಂದೇ.

"ಆ ಕೊಕ್ಕರೆಯವರನ್ನ ಊಟಕ್ಕೆ ಯಾವಾಗ ಕರೀತೀರಿ?"

ಏಪ್ರಿಲ್ 3. 9:20

ಫಾರಂ. ಅದೇ ಪ್ರಶ್ನೆ. 'ಹೌದು.' ಪೆನ್ನು ಒತ್ತಿ ಒತ್ತಿ ಕಾಗದ ಹರಿಯಿತು. ಮಾರ್ಚ್ ಹತ್ತೊಂಬತ್ತರದ್ದೂ ಬರೆದುಕೊಟ್ಟೆ. ಸೇಫ್ಟಿ ಆಫೀಸರ್ ಎರಡು ಸಲ ಓದಿ, ಹೊರಗೆ ಕೂರಲು ಹೇಳಿದ. ಕೂತಿದ್ದೇನೆ.

ಏಪ್ರಿಲ್ 28. 10:50

ಕೆಲಸ ಉಳಿಯಿತು. ಕುರ್ಚಿ ಹೋಯಿತು, ಮೂರನೇ ಒಂದು ಪಾಲೂ ಹೋಯಿತು. ಹೋದದ್ದಕ್ಕೆ ಸಂಕಟವಿದೆ, ಇಲ್ಲವೆಂದರೆ ಸುಳ್ಳು. ಇವತ್ತಿಂದ ನಾನು ಕೆಳಗೆ, ಸಿಗ್ನಲ್‌ಗೆ. ಮೇಲೆ ಕೊಕ್ಕರೆ.

ಬೆಳಿಗ್ಗೆ ಅವನು ಹತ್ತಿ, ಗಾಜು ಒರೆಸಿ, ಬಹಳ ಹೊತ್ತು ಮಾತೇ ಆಡಲಿಲ್ಲ. ಸೂರ್ಯ ಬಂದಿರಬೇಕು ಅಂದುಕೊಂಡೆ. ನೆಲದಿಂದ ಕ್ರೇನ್ ಇಷ್ಟು ಎತ್ತರ ಅಂತ ನನಗೆ ಗೊತ್ತೇ ಇರಲಿಲ್ಲ. ಇಷ್ಟು ದೂರದಿಂದ ನೋಡಿದನೇ ಇವನು, ನನ್ನನ್ನು?

ಹತ್ತೂವರೆ. ಲಾರಿಯವನು ಅವಸರ ಮಾಡುತ್ತಿದ್ದ, ಮೇಸ್ತ್ರಿಯೂ. ಬೆನ್ನಲ್ಲಿ ಸಣ್ಣ ಬೆವರು, ನಾನು ಲೆಕ್ಕಕ್ಕಿಟ್ಟಿರಲಿಲ್ಲ. ವಾಕಿಟಾಕಿ ಕರಕರ ಅಂದಿತು.

"ಅಣ್ಣಾ, ಐದು ನಿಮಿಷ. ಹಗ್ಗ ಚೆಕ್ ಮಾಡ್ಬೇಕು."

ಮೇಲೆ ಕೂತವನು ಯಾವ ಹಗ್ಗ ಚೆಕ್ ಮಾಡುತ್ತಾನೆ? ಹಗ್ಗ ನೋಡುವುದು ಈಗ ಕೆಳಗೆ ನಿಂತ ನನ್ನ ಕೆಲಸ. ಬಿಸ್ಕತ್ತು ತೆಗೆದೆ. ತಲೆ ಎತ್ತಿ ನೋಡಿದೆ. ಕೊಕ್ಕೆ ಒಂಚೂರೂ ಅಲುಗದೆ, ನನಗಾಗಿ ಕಾಯುತ್ತಿತ್ತು.