ಅಲುಗಾಡುವ ಯಂತ್ರ

ಮಸಾಲಾ, ಎಂಡೋಲಾ
ಆಗಸ್ಟ್ ೧೮, ಭಾನುವಾರ

ಪ್ರೀತಿಯ ಮ್ವಿಲಾಳ ಅಪ್ಪನಿಗೆ,

ಹೇಗಿದ್ದೀರಿ? ವಾಲ್ವಿಸ್ ಬೇಯ ಕಡಲ ಮಂಜಿಗೆ ಎದೆ ಕಟ್ಟುತ್ತದೆಂದು ಕಳೆದ ಸಲ ಹೇಳಿದ್ದಿರಿ. ಮಲಗುವಾಗ ಉಣ್ಣೆ ಬಟ್ಟೆ ಸುತ್ತಿಕೊಳ್ಳಿ. ನಾವು ಚೆನ್ನಾಗಿದ್ದೇವೆ. ಮ್ವಿಲಾಳ ಮುಂದಿನ ಹಲ್ಲು ಬಿದ್ದಿದೆ, ಒಣಮೀನು ತಿನ್ನಲು ದಿನಾ ತಕರಾರು. ಗಾಳಿ ಶುರುವಾಗಿದೆ, ತೊಳೆದ ಕಾರನ್ನು ಒರೆಸುವುದರೊಳಗೆ ಮತ್ತೆ ಕೆಂಧೂಳು. ಫೋನಿನಲ್ಲಿ ಏನಾದರೂ ಹೇಳಹೊರಟರೆ ನೀವು ನಕ್ಕು ಮಾತು ತೇಲಿಸಿಬಿಡುತ್ತೀರಿ. ಅದಕ್ಕೇ ಈ ಕಾಗದ.

ಪಾಲಿಶ್ ಯಂತ್ರದ ಸಂಗತಿ ನಿಮಗೆ ಅರ್ಧ ಮಾತ್ರ ಗೊತ್ತು. ಬರೀ ಕಾರು ತೊಳೆದರೆ ಹೊಟ್ಟೆಗಾಗುವುದಿಲ್ಲ, ಬಿಸಿಲಿಗೆ ಮಂಕಾದ ಬಣ್ಣಕ್ಕೆ ಹೊಳಪು ಕೊಡುವುದನ್ನೂ ಕಲಿಯೋಣವೆಂದು ಯಂತ್ರ ಮಾರುವ ಅಂಗಡಿಗೆ ಹೋದೆ. ಅವರು ಹಳೆಯ ಬಾನೆಟ್ಟೊಂದನ್ನು ಮುಂದಿಟ್ಟು ಎರಡು ಬಗೆಯ ಯಂತ್ರ ಕೈಗೆ ಕೊಟ್ಟರು. ಒಂದು ಒಂದೇ ಸಮ ಗಿರ್ರನೆ ತಿರುಗುವುದು. ಹಗ್ಗ ಹರಿದ ಹೋತದಂತೆ ನನ್ನ ಕೈಯನ್ನೇ ಎಳೆದುಕೊಂಡು ಹೋಯಿತು, ಒಂದು ಗಳಿಗೆ ನಿಂತಲ್ಲಿ ಬಣ್ಣ ಕಾದುಬಿಟ್ಟಿತು. ಇನ್ನೊಂದು ತಿರುಗುತ್ತಲೇ ಆಚೀಚೆ ಅಲುಗಾಡುವುದು. ಜೋರಾಗಿ ಒತ್ತಿದರೆ ತಿರುಗುವುದನ್ನೇ ನಿಲ್ಲಿಸುತ್ತದೆ. ಗೀರು ಅಳಿಸಲು ಹೊತ್ತು ಹಿಡಿಯುತ್ತದೆ, ಆದರೆ ಬಣ್ಣ ಸುಡುವುದು ಅಪರೂಪ. ನನ್ನ ಕೈ ಅದನ್ನೇ ಒಪ್ಪಿತು. ಆದರೂ ನಿಮ್ಮನ್ನೊಂದು ಮಾತು ಕೇಳಿದೆ. ಕಾರುಗಳ ಯಾರ್ಡಿನಲ್ಲಿ ದುಡಿಯುವವರು, ನನಗಿಂತ ಬಲ್ಲವರು ಎಂಬ ನಂಬಿಕೆ. "ಅಲುಗಾಡೋದು ಆಟದ ಸಾಮಾನು ಕಣೇ. ದುಡಿಯೋ ಮನಸ್ಸಿದ್ರೆ ಇನ್ನೊಂದನ್ನ ತಗೋ," ಎಂದಿರಿ. ತೆಗೆದುಕೊಂಡೆ.

ಮೊದಲು ಬಂದ ಕಾರು ಹೆಡ್‌ಮಿಸ್ಟ್ರೆಸ್ ನಮುಕೊಲೊ ಅವರದು. ಕಡುನೀಲಿ, ತೀರಿಕೊಂಡ ಗಂಡ ಓಡಿಸುತ್ತಿದ್ದದ್ದು. ಬಾನೆಟ್ಟಿನ ನಡುಭಾಗ ಕನ್ನಡಿಯಂತಾಯಿತು. ನನಗೆ ಸ್ವಲ್ಪ ಜಂಬವೂ ಬಂತೆನ್ನಿ. ಅಂಚಿಗೆ ಬಂದಾಗ ಯಂತ್ರ ಜಾರಿ ಅಲ್ಲೇ ಕಚ್ಚಿಕೊಂಡಿತು. ಸುಟ್ಟ ವಾಸನೆ ಬಂತು, ಎತ್ತಿ ನೋಡಿದರೆ ನೀಲಿ ಹೋಗಿ ಕೆಳಗಿನ ಬೂದು ಲೇಪ ಕಾಣುತ್ತಿತ್ತು. ಆಕೆ ಬೈಯಲಿಲ್ಲ. ಹೆಬ್ಬೆರಳಿನಿಂದ ಆ ಜಾಗ ಸವರಿ, "ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ಬೇಕಿತ್ತಮ್ಮ," ಎಂದಷ್ಟೇ ಹೇಳಿ ಕಾರು ಹತ್ತಿದರು. ಬಣ್ಣ ಹಾಕಿಸಿಕೊಡುತ್ತೇನೆಂದು ಮನೆಗೆ ಹೋದರೆ, ನಮ್ಮ ಯಜಮಾನರ ಕೈ ತಾಗಿದ ಬಣ್ಣ ನೀನು ತರಲಾರೆ ಎಂದು ಬಾಗಿಲು ಹಾಕಿಕೊಂಡರು. ಈಗ ಚರ್ಚಿನಲ್ಲಿ ನನ್ನನ್ನು ಕಂಡರೆ ಬೇರೆ ಬೆಂಚಿಗೆ ಹೋಗುತ್ತಾರೆ.

ನಿಮ್ಮ ತಮ್ಮ ಕಂಗ್ವಾ ಸುಮ್ಮನಿರುತ್ತಾನೆಯೇ? "ನಮ್ಮತ್ತಿಗೆ ಹತ್ರ ಕಾರು ಬಿಡ್ಬೇಡಿ, ಕೋಳಿ ಥರ ಸುಲಿದು ಕೊಡ್ತಾಳೆ," ಎಂದು ಮಾರುಕಟ್ಟೆಗೆಲ್ಲ ಸಾರಿದ. ತೊಳೆಸಲು ಬರುತ್ತಿದ್ದವರೂ ಬರುವುದು ನಿಲ್ಲಿಸಿದರು. ನೀವಂತೂ ಫೋನಿನಲ್ಲಿ, ಸಾಕು ಬಿಡು, ಊರಿಗೆ, ಮ್ಪೊರೊಕೊಸೊಗೆ, ನಮ್ಮಮ್ಮನ ಹತ್ತಿರ ಹೋಗು, ಅವಳಿಗೂ ಕೈಲಾಗುತ್ತಿಲ್ಲ ಎಂದಿರಿ. ಸೋತು ಬಟ್ಟೆ ಗಂಟು ಕಟ್ಟಿದ್ದೂ ಉಂಟು. ಬೆಳಿಗ್ಗೆ ಮ್ವಿಲಾ ಅದೇ ಗಂಟನ್ನು ಬಿಚ್ಚಿ, ಸಮವಸ್ತ್ರ ತೆಗೆದು ತೊಟ್ಟುಕೊಂಡು ಶಾಲೆಗೆ ಹೊರಟಳು. ನಾನು ಮತ್ತೆ ಕಟ್ಟಲಿಲ್ಲ. ಆ ಯಂತ್ರವನ್ನು ಬಣ್ಣದ ಕೆಲಸದವನೊಬ್ಬನಿಗೆ ಸಿಕ್ಕಿದ್ದಕ್ಕೆ ಮಾರಿ, ಅಲುಗಾಡುವುದನ್ನು ತಂದು, ಗುಜರಿ ಕಾರಿನ ಬಾಗಿಲೊಂದರ ಮೇಲೆ ಕೈ ಪಳಗುವವರೆಗೆ ಉಜ್ಜಿದೆ. ಈಗ ಟ್ಯಾಕ್ಸಿಯವರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ತಿಳಿಯದೆ ಹೇಳಿದಿರಿ, ನಾನೂ ತಿಳಿಯದೆ ಕೇಳಿದೆ. ಅದನ್ನು ಇಲ್ಲಿಗೆ ಬಿಡೋಣ.

ಮ್ವಿಲಾ ಮುತ್ತು ಕಳಿಸಿದ್ದಾಳೆ. ದೇವರು ನಿಮ್ಮ ಉಸಿರನ್ನು ಸರಾಗವಾಗಿಡಲಿ.

ನಿಮ್ಮ
ಚಿಸಂಗಾ

ಮತ್ತೊಂದು ಮಾತು: ಕಾಗದ ಅಂಟಿಸುವಷ್ಟರಲ್ಲಿ ನಿಮ್ಮ ಯಾರ್ಡಿನಿಂದ ಕಾರು ತಂದ ಡ್ರೈವರ್ ಸಿಕಾಜ್ವೆ ಬಂದ. ಇದನ್ನು ಅವನ ಕೈಯಲ್ಲೇ ಕೊಡುತ್ತೇನೆ. ನನ್ನ ಯಂತ್ರ ನೋಡಿ, "ಯಾರ್ಡಲ್ಲಿ ಅಣ್ಣ ಹೊಸಬರಿಗೆಲ್ಲ ಇದನ್ನೇ ಕೊಡೋದು ಅತ್ತಿಗೆ. ಇನ್ನೊಂದನ್ನ ಮುಟ್ಟೋಕೂ ಬಿಡಲ್ಲ," ಅಂದ. ಆಮೇಲೆ, ನನಗೂ ಗೊತ್ತಿರುವ ತಮಾಷೆಯೆಂದುಕೊಂಡು ನಗುತ್ತಾ ಹೇಳಿದ: "ಒಂದು ಕಾರು ಸುಟ್ರೆ ಸಾಕು, ತಾನಾಗೇ ನಮ್ಮಮ್ಮನ ಸೇವೆಗೆ ಹೋಗ್ತಾಳೆ ಅಂತ ಅಣ್ಣ ನಮ್ಮ ಹತ್ರ ಬಾಜಿ ಕಟ್ಟಿದ್ದ." ಅವನ ಎದುರು ನಾನೂ ನಕ್ಕೆ. ನಿನಗೆ ಗೊತ್ತಿತ್ತು. ನಿನ್ನಮ್ಮನಿಗೆ ಕೈಲಾಗದಿದ್ದರೆ ಇಲ್ಲಿಗೆ ಬರಲಿ, ನಾನೇ ನೋಡಿಕೊಳ್ಳುತ್ತೇನೆ. ನೀನು ಬರಬೇಡ.