ಪುಟ್ಟಿಯ ಓಲೆಗೆ ಹಳ್ಳದ ಚಿನ್ನ

ನಿಟ್ಟೂರು
14 ಅಕ್ಟೋಬರ್ 1978, ಶನಿವಾರ

ಪ್ರೀತಿಯ ಪುಟ್ಟಿಯ ಅಪ್ಪನವರಿಗೆ,

ಹೇಗಿದ್ದೀರಿ? ಕೆಮ್ಮು ನಿಂತಿತೆ? ಗಡಿಯ ಕಡೆ ಈಗಲೇ ಚಳಿ ಶುರುವಾಗಿದೆ, ರೊಟ್ಟಿ ತಿಂದೂ ತಿಂದೂ ನಾಲಿಗೆ ಸತ್ತಿದೆ ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದಿರಿ. ಅದನ್ನು ಓದಿದ ದಿನ ನನಗೂ ಮುದ್ದೆ ಸೇರಲಿಲ್ಲ. ಎದೆಗೆ ಬೆಚ್ಚಗೆ ಕಟ್ಟಿಕೊಳ್ಳಿ, ರಾತ್ರಿ ಪಾಳಿ ಮುಗಿಸಿ ಬಂದ ತಕ್ಷಣ ತಣ್ಣೀರು ಕುಡಿಯಬೇಡಿ. ಇಲ್ಲಿ ಹಬ್ಬ ಹೇಗೋ ಆಯಿತು. ಆಯುಧಪೂಜೆಯ ದಿನ ನಿಮ್ಮ ಸೈಕಲ್ಲನ್ನು ನಾನೇ ತೊಳೆದು, ಹ್ಯಾಂಡಲ್ಲಿಗೆ ಕುಂಕುಮ ಇಟ್ಟು, ಚೆಂಡು ಹೂವಿನ ಹಾರ ಹಾಕಿದೆ. ಬೆಲ್ಲು ಇನ್ನೂ ಚೆನ್ನಾಗಿ ಸದ್ದು ಮಾಡುತ್ತದೆ.

ಇನ್ನು ಮನೆಯ ಸುದ್ದಿ ಎಂದರೆ ಮಾವನವರದೇ. ಗುಡ್ಡದ ಕಡೆ ಚಿನ್ನ ಹುಡುಕುವ ಸರ್ವೆಯವರು ಡೇರೆ ಹಾಕಿದ್ದನ್ನೂ, ರೈಲ್ವೆ ಗ್ಯಾಂಗಿನಿಂದ ರಿಟೈರಾಗಿ ಮನೆಯಲ್ಲಿ ಕೂರಲಾರದೆ ಒದ್ದಾಡುತ್ತಿದ್ದ ಮಾವನವರು ಅವರಲ್ಲಿ ಕೂಲಿಗೆ ಸೇರಿದ್ದನ್ನೂ ಹೋದ ವರ್ಷವೇ ನಿಮಗೆ ಬರೆದಿದ್ದೆ. ಹಳ್ಳದ ಮರಳನ್ನು ಬೋಗುಣಿಯಂಥ ಮರದ ಮರಿಗೆಗೆ ತುಂಬಿ, ನೀರಿನಲ್ಲಿ ಆಡಿಸುತ್ತಾ ಹಗುರಾದದ್ದನ್ನು ಚೆಲ್ಲಿ, ತಳದಲ್ಲಿ ಉಳಿಯುವ ಕಪ್ಪು ಮರಳಿನಲ್ಲಿ ಹೊಳಪು ಹುಡುಕುವ ಕೆಲಸ ಅದು. ನಾವು ಅಕ್ಕಿ ಜಾಲಿಸಿ ಕಲ್ಲು ತೆಗೆಯುತ್ತೇವಲ್ಲ, ಹಾಗೆಯೇ. ಕೊನೆಗೆ ಸರ್ವೆಯವರು ಇಲ್ಲಿ ಲೆಕ್ಕಕ್ಕೆ ಸಿಗುವಷ್ಟು ಇಲ್ಲ ಎಂದು ಡೇರೆ ಕಿತ್ತರು. ಮಾವನವರು ಮಾತ್ರ ಒಡೆದ ಮರಿಗೆಯೊಂದನ್ನು ಅವರಿಂದ ಕೇಳಿ ಪಡೆದು, ತಗಡಿನ ಪಟ್ಟಿ ಹೊಡೆದು ಸರಿಮಾಡಿಕೊಂಡರು. ನಾನು ನಕ್ಕಾಗ, "ಅವ್ರಿಗೆ ಗಾಡಿಗಟ್ಲೆ ಬೇಕು ಕಣವ್ವಾ. ನಂಗೆ ನಮ್ಮವ್ವನ ಎಲ್ಡು ಕಿವಿಗೆ ಆಗೋವಷ್ಟು ಸಾಕು" ಎಂದರು. ನಿಮಗೆ ಗೊತ್ತಲ್ಲ, ಪುಟ್ಟಿಗೆ ಅತ್ತೆಯವರ ಹೆಸರಿಟ್ಟ ದಿನದಿಂದ, ತೀರಿಹೋದ ಹೆಂಡತಿಯ ಹೆಸರು ಬಾಯಿಗೆ ಬಾರದೆ, ಅವರು ಮಗುವನ್ನು ರಂಗಲಕ್ಷ್ಮಿ ಎಂದು ಕೂಗಿದವರೇ ಅಲ್ಲ. ಅವರಿಗೆ ಅವಳು ನಮ್ಮವ್ವ.

ಮಳೆ ಬಿದ್ದು ಹಳ್ಳ ಹರಿಯಲು ಶುರುವಾದಾಗ ಒಂದು ದಿನ ನಾನೂ ಬುತ್ತಿ ಹೊತ್ತು ಹೋಗಿದ್ದೆ. ಗುಡ್ಡ ದಾಟಿದ ಮೇಲೆ ಮನೆಯಿಲ್ಲ, ಹೊಲವಿಲ್ಲ, ದನ ಕಾಯುವವರೂ ಆ ಕಡೆ ಬರುವುದಿಲ್ಲ. ಬಂಡೆಯ ಸಂದಿನಲ್ಲಿ ಸೋಗೆ ಹೊದಿಸಿದ ಒಂದು ಗೂಡು, ಅದರಲ್ಲಿ ಸಲಿಕೆ, ಹಾರೆ, ಒಂದು ಜರಡಿ, ಅಷ್ಟೇ. ಮೊಣಕಾಲವರೆಗೆ ನೀರಿನಲ್ಲಿ ನಿಂತು ಮರಿಗೆಯನ್ನು ಎಷ್ಟು ಮೆಲ್ಲಗೆ ಆಡಿಸುತ್ತಿದ್ದರು ಎಂದರೆ, ತೊಟ್ಟಿಲು ತೂಗುವ ಕೈ ಅದು ಎನಿಸಿತು. ಕೊನೆಗೆ ನನ್ನನ್ನು ಹತ್ತಿರ ಕರೆದು ಬೆರಳ ತುದಿಗೆ ಅಂಟಿದ್ದನ್ನು ತೋರಿಸಿದರು. ರಾಗಿ ಕಾಳಿನ ಸಿಪ್ಪೆಯಷ್ಟೂ ಇರಲಿಲ್ಲ. ಆದರೆ ಅವರ ಮುಖ ನೀವು ನೋಡಬೇಕಿತ್ತು. ಅತ್ತೆಯವರು ಹೋದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅಷ್ಟು ಸಣ್ಣ ಪುಡಿಯನ್ನು ಮರಳಿನಿಂದ ಬೇರೆ ಮಾಡಲು ಬರುವುದಿಲ್ಲವೆಂದು ಅವರು ಗುಬ್ಬಿಯ ಅಕ್ಕಸಾಲಿ ಕಾಳಾಚಾರರನ್ನು ಕೇಳಿದರು. ಆಚಾರರು ಒಂದು ಸೀಸೆಯಲ್ಲಿ ಪಾದರಸ ಕೊಟ್ಟು ಕಳಿಸಿದರು. ಪಾದರಸವನ್ನು ಕಪ್ಪು ಮರಳಿಗೆ ಹಾಕಿ ಉಜ್ಜಿದರೆ ಅದು ಚಿನ್ನವನ್ನು ಹಿಡಿದುಕೊಳ್ಳುತ್ತದೆ. ಬಟ್ಟೆಯಲ್ಲಿ ಹಿಂಡಿ, ಉಳಿದ ಉಂಡೆಯನ್ನು ಕಬ್ಬಿಣದ ಸೌಟಿನಲ್ಲಿ ಕಾಸಿದರೆ ಪಾದರಸ ಹಾರಿಹೋಗಿ ಚಿನ್ನ ಉಳಿಯುತ್ತದೆ. ಹಳ್ಳದ ಹತ್ತಿರ ಗಾಳಿಗೆ ಬೆಂಕಿ ನಿಲ್ಲುವುದಿಲ್ಲವೆಂದು ಮಾವನವರು ನಮ್ಮ ಅಡಿಗೆ ಒಲೆಯ ಮೇಲೆಯೇ ಕಾಸತೊಡಗಿದರು. ಮಳೆಗಾಲ, ಕಿಟಕಿ ಬಾಗಿಲೆಲ್ಲ ಮುಚ್ಚಿರುತ್ತಿತ್ತು. ನನಗೇನು ಗೊತ್ತು? ಸೌಟಿನಲ್ಲಿ ಬಿಳಿ ಉಂಡೆ ಹಳದಿಗೆ ತಿರುಗುವುದನ್ನು ನಾನೂ ಪುಟ್ಟಿಯೂ ಪಕ್ಕದಲ್ಲೇ ಕುಳಿತು ನೋಡುತ್ತಿದ್ದೆವು.

ಶ್ರಾವಣದ ಹೊತ್ತಿಗೆ ಅವರ ಕೈ ನಡುಗಲು ಶುರುವಾಯಿತು. ಲೋಟ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಕಾಫಿ ಪಂಚೆಯ ಮೇಲೆ. ಒಸಡಿನಿಂದ ರಕ್ತ, ಬಾಯಿತುಂಬ ಜೊಲ್ಲು, ಏನು ತಿಂದರೂ ತುಕ್ಕು ತಿಂದ ಹಾಗೆ ಇದೆ ಎನ್ನುವರು. ಅದಕ್ಕಿಂತ ಕಷ್ಟವೆಂದರೆ ಅವರ ಸ್ವಭಾವ. ನಾನು ಈ ಮನೆಗೆ ಬಂದಾಗಿನಿಂದ ಒಂದು ಗಟ್ಟಿ ಮಾತು ಆಡದವರು, ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ಬೀಸಿ ಎಸೆದರು. ಆಮೇಲೆ ಹಿತ್ತಲಿಗೆ ಹೋಗಿ ಅತ್ತರು. ನಾನು ಒಳಗೆ ಚೆಲ್ಲಿದ ಅನ್ನ ಬಳಿಯುತ್ತಾ, ಅವರು ಅಳುವುದನ್ನು ಕೇಳಿಸಿಕೊಂಡೂ ಕೇಳದವಳ ಹಾಗೆ ಇದ್ದೆ.

ಹೇಗೋ ಒಪ್ಪಿಸಿ ತುಮಕೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರೆ, "ಗ್ಯಾಂಗಿನಾಗಿದ್ದೆ ಸ್ವಾಮಿ. ಈಗ ಮನೇಲೇ ಇದೀನಿ" ಎಂದುಬಿಟ್ಟರು. ಡಾಕ್ಟರು ವಯಸ್ಸಾಯಿತು, ನರದ ವೀಕ್ನೆಸ್ಸು ಎಂದು ಚೀಟಿ ಬರೆಯಲು ಹೊರಟಾಗ ನನಗೆ ತಡೆಯಲಾಗಲಿಲ್ಲ. ಮಾವನವರ ಎದುರಿಗೇ, ಅವರನ್ನು ಕೇಳದೆ, ಎಲ್ಲವನ್ನೂ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಕಾಸುವುದನ್ನು ಈವತ್ತೇ ನಿಲ್ಲಿಸಬೇಕು, ಆ ಹೊಗೆಯೇ ವಿಷ, ಹೀಗೇ ಮಾಡಿದರೆ ಮುಂದೆ ನಡೆಯಲೂ ಆಗುವುದಿಲ್ಲ ಎಂದರು. ರೈಲಿನಲ್ಲಿ ಬರುವಾಗ ಗುಬ್ಬಿ ದಾಟಿದ ಮೇಲೆ ಮಾವನವರು ನನ್ನ ಕಡೆ ತಿರುಗಿದರು. ಆಮೇಲೆ, "ಹೊಗೆ ಅಂತಾರೆ. ಕಣ್ಣಿಗೇ ಕಾಣಲ್ವಲ್ಲವ್ವಾ" ಎಂದರು. ಆದರೂ ಪುಟ್ಟಿಯ ತಲೆ ಮುಟ್ಟಿ, ಮನೆಯೊಳಗೆ ಕಾಸುವುದಿಲ್ಲ ಎಂದು ಮಾತು ಕೊಟ್ಟರು.

ಸ್ವಲ್ಪ ದಿನ ಹಿತ್ತಲಲ್ಲಿ ಕಲ್ಲು ಹೂಡಿ ಕಾಸಿದರು. ಹುಬ್ಬೆ ಮಳೆ ಹಿಡಿದ ಮೇಲೆ ಮತ್ತೆ ಒಳಗೆ ಬಂದರು. ಒಂದು ದಿನ ಅವರು ಹಳ್ಳಕ್ಕೆ ಹೋಗಿದ್ದಾಗ ಆ ಸೀಸೆಯನ್ನೇ ದೂರ ಎಲ್ಲಾದರೂ ಹೂತುಬರೋಣವೆಂದು ಗೋಡೆಯ ಗೂಡಿನಿಂದ ತೆಗೆದೆ. ಅಂಗೈಯಷ್ಟು ಸೀಸೆ, ಅದಕ್ಕೆ ಅಷ್ಟು ಭಾರವಿರುತ್ತದೆಂದು ಎಣಿಸಿರಲಿಲ್ಲ. ಕೈಜಾರಿ ಒರಳಿನ ಮೇಲೆ ಬಿದ್ದು ಒಡೆಯಿತು. ಅಯ್ಯೋ, ಅದನ್ನು ಏನೆಂದು ಬರೆಯಲಿ! ಗುಡಿಸಿದರೆ ಒಂದು ಹನಿ ಹತ್ತಾಗುತ್ತದೆ, ಬಟ್ಟೆಗೆ ಹತ್ತುವುದಿಲ್ಲ, ಬೆರಳಿಗೆ ಸಿಗುವುದಿಲ್ಲ. ನೆಲದ ಬಿರುಕಿಗೆ, ಒಲೆಯ ಸಂದಿಗೆ, ಗೋಡೆಯ ಬುಡಕ್ಕೆ ಓಡಿಹೋಯಿತು. ಸಗಣಿ ಹಾಕಿ ಸಾರಿಸಿದೆ, ಮತ್ತೆ ಕೆತ್ತಿದೆ, ಮತ್ತೆ ಸಾರಿಸಿದೆ. ಇವತ್ತಿಗೂ ಒಲೆ ಉರಿಸಿದಾಗ ಎಲ್ಲೋ ಒಂದು ಮೂಲೆಯಲ್ಲಿ ಮಿಣುಕುತ್ತದೆ. ಮಾವನವರು ಬಂದು ಬೈಯಲಿಲ್ಲ. ಮಂಡಿಯೂರಿ, ಆ ನಡುಗುವ ಕೈಯಲ್ಲಿ ಮುತ್ತುಗದ ಎಲೆ ಹಿಡಿದು, ಸಿಕ್ಕಷ್ಟು ಬಳಿದುಕೊಂಡರು. ಮರುದಿನ ಗುಬ್ಬಿಗೆ ಹೋಗಿ ಇನ್ನೊಂದು ಸೀಸೆ ತಂದರು.

ಈಗ ಏನು ಮಾಡಲಿ ಹೇಳಿ. ಕಾಳಾಚಾರರು ಒಂದು ಓಲೆ ಮಾಡಿ ಕೊಟ್ಟಿದ್ದಾರೆ. ಕಡಲೆಬೇಳೆಗಿಂತ ಚಿಕ್ಕದು, ಒಂದೇ ಕಿವಿಯದು. "ಇನ್ನೊಂದು ಕಿವೀದು ಮುಗುದ್ರೆ ಮರಿಗೆ ಒಲೆಗೆ ಹಾಕ್ತೀನಿ ಕಣವ್ವಾ, ಬುಡು" ಎನ್ನುತ್ತಾರೆ. ಆದರೆ ಆ ಕೈಯಲ್ಲಿ ಈಗ ಮರಿಗೆ ನಿಲ್ಲುವುದಿಲ್ಲ. ಮೊನ್ನೆ ಅವರ ಹಿಂದೆಯೇ ಹೋಗಿ ಮರೆಯಲ್ಲಿ ನಿಂತು ನೋಡಿದೆ. ಕೊನೆಯ ಹಿಡಿ ಕಪ್ಪು ಮರಳಿಗೆ ಬರುವಷ್ಟರಲ್ಲಿ ಕೈ ಕುಪ್ಪಳಿಸಿ ಎಲ್ಲವೂ ನೀರುಪಾಲಾಗುತ್ತದೆ. ಚಿನ್ನವಿದ್ದರೆ ಅದೂ ಹೋಗುತ್ತದೆ. ಮತ್ತೆ ಬಗ್ಗಿ ಮರಳು ತುಂಬುತ್ತಾರೆ. ಹೀಗೆ ಆ ಇನ್ನೊಂದು ಓಲೆ ಎಂದಿಗೂ ಆಗುವುದಿಲ್ಲ. ಅದು ಅವರಿಗೂ ಗೊತ್ತಿದೆ ಎಂದು ನನಗೆ ಅನ್ನಿಸುತ್ತದೆ. ನಾನು ಸೊಸೆ, ಎಷ್ಟೆಂದು ಹೇಳಲಿ? ಕೈ ಹಿಡಿದು ಎಳೆದು ತರಲು ಆಗುತ್ತದೆಯೆ? ಊರಿನವರು ನಗುತ್ತಾರೆ, ನಿಮ್ಮ ಅಡವಿಯಪ್ಪ ಚಿಕ್ಕಪ್ಪನವರು ಅಣ್ಣನ ಮಾತಿಗೆ ಎದುರು ಹೇಳುವವರಲ್ಲ. ಮಾವನವರು ಕೇಳುವುದಿದ್ದರೆ ನಿಮ್ಮೊಬ್ಬರ ಮಾತು. ನೀವು ಅಷ್ಟು ದೂರದಲ್ಲಿದ್ದೀರಿ.

ರಜೆ ಕೇಳಿ ನೋಡಿ. ಸಾಹೇಬರಿಗೆ ತಂದೆಗೆ ಹುಷಾರಿಲ್ಲ ಎನ್ನಿ, ಸುಳ್ಳೇನಲ್ಲ. ಮಾವನವರು ನಿಮಗೆ ಆಶೀರ್ವಾದ ಬರೆಯಲು ಹೇಳಿದ್ದಾರೆ. ತಮ್ಮ ಕೈಯಾರೆ ಒಂದು ಸಾಲು ಬರೆಯಲು ಕುಳಿತರು, ಆಗಲಿಲ್ಲ. ಪಕ್ಕದ ಮನೆಯ ಸಿದ್ದಗಂಗಮ್ಮ ಅಜ್ಜಿಯವರೂ ನಿಮ್ಮನ್ನು ಕೇಳಿದರು. ಗಡಿಯಲ್ಲಿ ಎಚ್ಚರವಾಗಿರಿ, ಹೊಟ್ಟೆ ತುಂಬ ತಿನ್ನಿ, ನಮ್ಮ ರಂಗನಾಥ ನಿಮ್ಮನ್ನು ಕಾಯಲಿ.

ನಿಮ್ಮ,
ರೇವಮ್ಮ

ಮರೆತ ಮಾತಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಪುಟ್ಟಿಗೆ ಹುಷಾರಿಲ್ಲ. ಅಂಗೈ ಅಂಗಾಲು ಕೆಂಪಗಾಗಿ ಸಿಪ್ಪೆ ಸುಲಿಯುತ್ತಿದೆ, ಬೆಳಕು ಕಂಡರೆ ಕಣ್ಣು ಮುಚ್ಚಿಕೊಂಡು ಅಳುತ್ತಾಳೆ. ಈಗ ತಾನೇ ಅನ್ನ ತಿನ್ನಿಸುವಾಗ ಒಂದು ದವಡೆ ಹಲ್ಲು ನನ್ನ ಬೆರಳಿಗೆ ಬಂತು. ಹಲ್ಲು ಬೀಳುವ ವಯಸ್ಸೇ ಇದು? ಮನೆಯಲ್ಲಿ ಮಗು ಇದ್ದರೆ ಮೊದಲು ಅದನ್ನು ಹೊರಗೆ ಸಾಗಿಸಿ ಎಂದು ಡಾಕ್ಟರು ಅವತ್ತು ನನ್ನೊಬ್ಬಳಿಗೇ ಹೇಳಿದ್ದರು, ನಾನು ಮಾವನವರಿಗೆ ಊಟಕ್ಕೆ ಯಾರು ದಿಕ್ಕು ಎಂದು ತಡಮಾಡಿದೆ. ನಾಳೆ ಬೆಳಗಿನ ರೈಲಿಗೆ ಅವಳನ್ನು ತುಮಕೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, ಶೆಟ್ಟಿಹಳ್ಳಿಯ ನಮ್ಮಮ್ಮನ ಮನೆಯಲ್ಲೇ ಇರುತ್ತೇನೆ. ಕರೆದರೂ ಮಾವನವರು ಬರುವುದಿಲ್ಲ. ಯಾಕೆ ಹೋಗುತ್ತಿದ್ದೇನೆಂದು ನಿಜ ಹೇಳಿದರೆ, ಮಗುವಿಗೆ ಹೀಗಾದದ್ದು ತಮ್ಮಿಂದಲೇ ಎಂದು ತಿಳಿದು ಆ ಜೀವ ಉಳಿಯುವುದಿಲ್ಲ. ಹೇಳದೆ ಹೋದರೆ, ನಾವು ಬರುವಷ್ಟರಲ್ಲಿ ಇನ್ನೊಂದು ಓಲೆ ಮುಗಿಸೋಣವೆಂದು ಬಾಗಿಲು ಹಾಕಿಕೊಂಡು ಒಬ್ಬರೇ ಕಾಸುತ್ತಾ ಕೂರುತ್ತಾರೆ. ಏನು ಹೇಳಲಿ ಎಂದು ನಿಮ್ಮನ್ನೇ ಕೇಳಬೇಕು. ಈ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ನಾನು ಎರಡರಲ್ಲಿ ಒಂದನ್ನು ಮಾಡಿಬಿಟ್ಟಿರುತ್ತೇನೆ.