ಮೊದಲ ಸಾಲಿನ ಕೊಕ್ಕೆ

ಕಾಲಿ, ಕೊಲಂಬಿಯಾ
ಮಾರ್ಚ್ ೧೪

ಯೂರಾಳಿಗೆ,

ಹೆಸರಿನ ಹಿಂದೆ "ಮುದ್ದಿನ" ಎಂದು ಬರೆದು ಹೊಡೆದುಹಾಕಿದ್ದೇನೆ. ಕಂಡರೆ ಕಾಣಲಿ.

ಆಪರೇಷನ್ ಆದ ಹನ್ನೊಂದೇ ದಿನಕ್ಕೆ ನೀನು ನನ್ನ ಮನೆ ಬಿಟ್ಟು ಓಫಿರ್ ಚಿಕ್ಕಮ್ಮನಲ್ಲಿಗೆ ಹೋದೆ. ಒಳ್ಳೆಯದಾಯಿತು. ಸೊಂಟದ ಕೊಬ್ಬು ತೆಗೆಸಿ, ಹೊಟ್ಟೆಯ ಚರ್ಮ ಕತ್ತರಿಸಿ ಹೊಲಿಸಿಕೊಂಡವಳಿಗೆ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ, ಬಾಗಿಲು ದಡಾರನೆ ಹಾಕಲು ಮಾತ್ರ ಶಕ್ತಿಯಿತ್ತು.

ಈಗ ಅಲ್ಲಿ ಕೂತು, "ಅಮ್ಮ ಹೊಲಿದ ಫಾಹಾ ಹಾಕ್ಕೊಂಡೇ ನನ್ ಗಾಯ ಬಿಚ್ಕೊಂಡಿದ್ದು" ಎಂದು ಬೀದಿಗೆಲ್ಲ ಸಾರುತ್ತಿದ್ದೀಯಂತೆ. ಇಪ್ಪತ್ತಾರು ವರ್ಷದಿಂದ ಈ ಊರಿನ ಹೆಂಗಸರ ಹೊಸ ಸೊಂಟಗಳಿಗೆ ಫಾಹಾ ಎಂಬ ಈ ಬಿಗಿಯುಡುಪು ಹೊಲಿದವಳು ನಾನು. ಒಬ್ಬಳ ಗಾಯವೂ ಬಿಚ್ಚಿಲ್ಲ.

ತಪ್ಪು ನಿನ್ನದು. ತಿಂಗಳ ಮುಂಚೆಯೇ ಸಿಗರೇಟು ಬಿಡಲು ಡಾಕ್ಟರ್ ಹೇಳಿದ್ದರು, ನೀನು ಹಿತ್ತಲಲ್ಲಿ ಕದ್ದು ಸೇದಿದೆ. ಎರಡು ವಾರ ಬಗ್ಗಿಯೇ ನಡೆಯಬೇಕು ಎಂದರು, ಐದನೇ ದಿನ ನೆಟ್ಟಗೆ ನಿಂತು ಫೋಟೋ ತೆಗೆಸಿಕೊಂಡೆ. ಬಾವು ಇಳಿಯಲಿ, ಉಪ್ಪು ಬೇಡ ಎಂದರೆ ಚೊಂತಾದುರೊ ಹಣ್ಣಿಗೆ ಉಪ್ಪು ಸುರಿದುಕೊಂಡು ತಿಂದೆ. ಮಸಾಜಿಗೆ ಬಂದ ಹೆಂಗಸನ್ನು ಬೈದು ಓಡಿಸಿದೆ.

ಫಾಹಾಕ್ಕೆ ಮೂರು ಸಾಲು ಕೊಕ್ಕೆ. ಬಾವು ಇಳಿದಂತೆ ಒಂದೊಂದೇ ಸಾಲು ಬಿಗಿಮಾಡಬೇಕು. ನಿನಗೆ ಮೊದಲ ಸಾಲೇ ಕೂಡಲಿಲ್ಲ. ಓಫಿರಳೂ ನಾನೂ ಎರಡು ಕಡೆ ಮಂಡಿಯೂರಿ ಎಳೆದೆವು. "ಉಸಿರು ಕಟ್ತಿದೆ, ಬಿಡಮ್ಮ" ಎಂದು ನೀನು ಅತ್ತೆ. ಓಫಿರ್ ಕೈಬಿಟ್ಟಳು. ಎಲ್ಲರೂ ಹಾಗೇ ಅಳುತ್ತಾರೆ ಎಂದು ನಾನು ಎಳೆದು ಕೊಕ್ಕೆ ಹಾಕಿದೆ.

ಅಳತೆ ಕೊಡುವ ದಿನ ನೀನು ಹೇಳಿದ್ದು ನೆನಪಿದೆಯೇ? "ನಿನ್ ಥರ ಆಗಬಾರ್ದು ಅಂತಲೇ ಮಾಡಿಸ್ಕೊಳ್ತಿರೋದು." ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಿನ್ನ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡೆ. ಆ ಮಾತು ಇವತ್ತಿಗೂ ಉರಿಯುತ್ತದೆ.

ನಾಳೆ ಗಾಯ ತೊಳೆದು ಮತ್ತೆ ಹೊಲಿಯುತ್ತಾರಂತೆ. ನನ್ನನ್ನು ಕರೆಯಬೇಡ. ಕ್ಷಮೆ ಕೇಳುವ ತನಕ ಈ ಮನೆಗೆ ಕಾಲಿಡಬೇಡ.

ನಿನ್ನನ್ನು ಹೆತ್ತ ತಪ್ಪಿಗೆ ತಾಯಿಯಾದ,
ನೂಬಿಯಾ

ಮರೆತ ಮಾತು: ಮತ್ತೆ ಹೊಲಿದ ಮೇಲೆ ಆ ಫಾಹಾ ಹಾಕಬೇಡ, ಕತ್ತರಿಸಿ ಬಿಸಾಕು. ಡಾಕ್ಟರ್ ಕೇಳಿದರೆ ಅದರ ಸೊಂಟ ಅರವತ್ತೆರಡು ಸೆಂಟಿಮೀಟರ್ ಎಂದು ಹೇಳು. ನಿನ್ನದು ಎಪ್ಪತ್ತನಾಲ್ಕು ಎಂದು ಬರೆದ ಚೀಟಿ ಮೇಜಿನ ಮೇಲೆ ನನ್ನ ಕಣ್ಣೆದುರೇ ಇತ್ತು. ನಾನು ಬಟ್ಟೆ ಕತ್ತರಿಸಿದ್ದು ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ಅಳತೆಯ ಕಾಗದವಿಟ್ಟು. ನೀನು ಹೊಟ್ಟೆಗೆ ಬರುವ ಮುಂಚೆ ನನಗಿದ್ದ ಸೊಂಟ ಅದು. ಗೊತ್ತಿದ್ದೇ ಕತ್ತರಿಸಿದೆ.